ಎಲೆಕ್ಟ್ರಾನಿಕ್ ಸ್ಥಾನ ಸಂವೇದಕಗಳ ವಿದ್ಯುತ್ ಸಾಮರ್ಥ್ಯ ವಿವರಗಳು: ಯಂತ್ರೋಪಕರಣ ಖರೀದಿಸುವ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಸಣ್ಣ ಹಾಗೂ ಅತಿ ಸಣ್ಣ ಕೈಗಾರಿಕಾ ಘಟಕಗಳನ್ನು ಸ್ಥಾಪಿಸುವವರು ಸಾಲ ಅಥವಾ ಸಹಾಯಧನ ಕೋರಿ ಅರ್ಜಿ ಸಲ್ಲಿಸುವಾಗ ಯೋಜನಾ ವರದಿಯೊಂದಿಗೆ ಯಂತ್ರೋಪಕರಣಗಳ ದರಪಟ್ಟಿಯನ್ನು ಲಗತ್ತಿಸುವುದು ವಾಡಿಕೆಯಲ್ಲಿದೆ. ಸದರಿ ದರಪಟ್ಟಿಗಳಲ್ಲಿ ಮೋಟಾರಿನ ಅಶ್ವಶಕ್ತಿ, ಯಂತ್ರದ ತೂಕ, ಉತ್ಪಾದನಾ ಸಾಮರ್ಥ್ಯ ಮುಂತಾದ ವಿವರಗಳು ಸ್ಪಷ್ಟವಾಗಿರುತ್ತವೆ. ಆದರೆ ಯಂತ್ರದ ಚಲನೆಯನ್ನು ಗಮನಿಸಿ ನಿಯಂತ್ರಣ ಫಲಕಕ್ಕೆ ಸಂಕೇತ ನೀಡುವ ಸ್ಥಾನ ಸಂವೇದಕಗಳ ಬಗ್ಗೆ "ಸೆನ್ಸರ್ ಸಹಿತ" ಎಂಬ ಎರಡು ಪದಗಳಿಗಿಂತ ಹೆಚ್ಚಿನ ವಿವರ ಇರುವುದು ಅಪರೂಪ.

ಯಂತ್ರದ ಒಟ್ಟು ಬೆಲೆಯಲ್ಲಿ ಸಂವೇದಕದ ಪಾಲು ಅತ್ಯಲ್ಪ. ಆದರೆ ಅದರ ವಿದ್ಯುತ್ ಸಾಮರ್ಥ್ಯವನ್ನು ತಪ್ಪಾಗಿ ಗ್ರಹಿಸಿ ಜೋಡಿಸಿದಲ್ಲಿ ಇಡೀ ಯಂತ್ರ ಸ್ಥಗಿತಗೊಳ್ಳಬಹುದು. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಸಂವೇದಕವು ಕೆಡದೆಯೇ ಸುಳ್ಳು ಸಂಕೇತ ನೀಡುತ್ತಿರಬಹುದು. ಮುಚ್ಚದ ಬಾಗಿಲು ಮುಚ್ಚಿದೆಯೆಂದೂ, ಕೆಳಗಿಳಿದ ಪ್ರೆಸ್ಸಿನ ರ‍್ಯಾಮ್ ಮೇಲೆಯೇ ಇದೆಯೆಂದೂ ನಿಯಂತ್ರಣ ಫಲಕ ನಂಬಿದರೆ ಅಪಾಯಕ್ಕೆ ಒಳಗಾಗುವುದು ಯಂತ್ರದ ಬಳಿ ನಿಂತ ಕಾರ್ಮಿಕನ ಕೈ.

ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಹಾಗೂ ರಾಜ್ಯದ ಇತರೆಡೆ ಘಟಕ ನಡೆಸುವವರು, ಹೊಸದಾಗಿ ಆರಂಭಿಸುವವರು ದರಪಟ್ಟಿಯನ್ನು ಓದಿ ಅರ್ಥೈಸಿಕೊಳ್ಳಲು ನೆರವಾಗುವ ಉದ್ದೇಶದಿಂದ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

2. ಸ್ಥಾನ ಸಂವೇದಕ ಎಂದರೇನು?

ಒಂದು ವಸ್ತು ಅಥವಾ ಯಂತ್ರಭಾಗ ಎಲ್ಲಿದೆ, ಎಷ್ಟು ಸರಿದಿದೆ ಅಥವಾ ಎಷ್ಟು ತಿರುಗಿದೆ ಎಂಬುದನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಸಾಧನವೇ ಸ್ಥಾನ ಸಂವೇದಕ. ಸಾಮಾನ್ಯವಾಗಿ ಬಳಕೆಯಲ್ಲಿರುವ ವಿಧಗಳು ಈ ಕೆಳಕಂಡಂತಿವೆ.

(ಅ) ಪ್ರಾಕ್ಸಿಮಿಟಿ ಸ್ವಿಚ್: ಲೋಹದ ವಸ್ತು ಹತ್ತಿರ ಬಂದಾಗ ಮುಟ್ಟದೆಯೇ ಗುರುತಿಸುತ್ತದೆ.
(ಆ) ರೀಡ್ ಸ್ವಿಚ್: ಗಾಜಿನ ಕೊಳವೆಯೊಳಗಿನ ಎರಡು ತೆಳು ಲೋಹಪಟ್ಟಿಗಳು ಅಯಸ್ಕಾಂತದ ಪ್ರಭಾವದಿಂದ ಕೂಡಿಕೊಳ್ಳುತ್ತವೆ. ಇದನ್ನು ವಾಲ್ಟರ್ ಎಲ್‌ವುಡ್ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1936ರಲ್ಲಿ ರೂಪಿಸಿದರು. ನ್ಯೂಮ್ಯಾಟಿಕ್ ಸಿಲಿಂಡರುಗಳ ಮೇಲೆ ಇಂದಿಗೂ ಬಳಕೆಯಲ್ಲಿದೆ.
(ಇ) ಹಾಲ್ ಸಂವೇದಕ: ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಕಾಂತೀಯ ಪರಿಣಾಮವನ್ನು ಆಧರಿಸಿದೆ.
(ಈ) ಪೊಟೆನ್ಶಿಯೋಮೀಟರ್: ರೋಧಪಟ್ಟಿಯ ಮೇಲೆ ಜಾರುವ ಸಂಪರ್ಕದ ಮೂಲಕ ಸ್ಥಾನವನ್ನು ಅಳೆಯುತ್ತದೆ.
(ಉ) ಎನ್‌ಕೋಡರ್: ಶಾಫ್ಟಿನ ತಿರುಗುವಿಕೆಯನ್ನು ಸ್ಪಂದನಗಳಾಗಿ ಅಥವಾ ಸಂಖ್ಯೆಯಾಗಿ ತಿಳಿಸುತ್ತದೆ.

3. "ಸಾಮರ್ಥ್ಯ" ಎಂಬುದು ಒಂದೇ ಅಂಕಿಯಲ್ಲ

ವಿದ್ಯುತ್ ದೀಪದ ಮೇಲೆ 9 ವಾಟ್ ಎಂದಿದ್ದರೆ ಅದು ಬಳಸುವ ವಿದ್ಯುತ್ತು 9 ವಾಟ್ ಎಂದೇ ಅರ್ಥ. ಸಂವೇದಕಗಳ ವಿಷಯದಲ್ಲಿ ಹೀಗೆ ಒಂದೇ ಅಂಕಿಯಿಂದ ತೀರ್ಮಾನಿಸುವಂತಿಲ್ಲ. ಸಂವೇದಕದ ಮೇಲಿನ ವಿವರಗಳು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳಾಗಿರುತ್ತವೆ.

(1) ಸಂವೇದಕವು ತಾನು ಕೆಲಸ ಮಾಡಲು ಎಷ್ಟು ವಿದ್ಯುತ್ತನ್ನು ತೆಗೆದುಕೊಳ್ಳುತ್ತದೆ?
(2) ತನ್ನ ಔಟ್‌ಪುಟ್ ತಂತಿಯ ಮೂಲಕ ಎಷ್ಟು ಹೊರೆಯನ್ನು ನಡೆಸಬಲ್ಲದು?
(3) ಎಷ್ಟು ಶಾಖವನ್ನು ತಾಳಿಕೊಳ್ಳಬಲ್ಲದು?

ಉದಾಹರಣೆಯಾಗಿ, ಒಂದು ಪ್ರಾಕ್ಸಿಮಿಟಿ ಸ್ವಿಚ್ಚಿನ ಮೇಲೆ "10–30 ವೋಲ್ಟ್ ಡಿಸಿ, 200 ಮಿಲಿಆಂಪಿಯರ್, ಪಿಎನ್‌ಪಿ, ಎನ್‌ಒ, ಐಪಿ 67" ಎಂದು ನಮೂದಿಸಲಾಗಿದೆ ಎಂದಿಟ್ಟುಕೊಳ್ಳೋಣ. ಇಲ್ಲಿ 10–30 ವೋಲ್ಟ್ ಎಂಬುದು ಪೂರೈಕೆಯ ಮಿತಿ. 200 ಮಿಲಿಆಂಪಿಯರ್ ಎಂಬುದು ಸಂವೇದಕ ಬಳಸುವ ಪ್ರವಾಹವಲ್ಲ, ಅದು ನಡೆಸಬಲ್ಲ ಹೊರೆಯ ಗರಿಷ್ಠ ಮಿತಿ. ಅದು ಸ್ವತಃ ಬಳಸುವ ಪ್ರವಾಹ ಲೇಬಲ್ಲಿನ ಮೇಲೆ ಇರದೆ, ತಾಂತ್ರಿಕ ವಿವರ ಪತ್ರದಲ್ಲಿ "ಹೊರೆರಹಿತ ಪ್ರವಾಹ" ಎಂಬ ಸಾಲಿನಲ್ಲಿ ಇರುತ್ತದೆ. ಎನ್‌ಒ ಎಂದರೆ ವಸ್ತು ಎದುರಿಗಿಲ್ಲದಾಗ ಔಟ್‌ಪುಟ್ ತೆರೆದಿರುತ್ತದೆ ಎಂದರ್ಥ. ಐಪಿ 67 ಎಂಬುದು ವಿದ್ಯುತ್ ಸಾಮರ್ಥ್ಯವಲ್ಲ. ಧೂಳು ಒಳಹೋಗದಂತೆಯೂ, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗದಂತೆಯೂ ಇರುವ ಹೊರಕವಚದ ರಕ್ಷಣೆಯನ್ನು ಅದು ಸೂಚಿಸುತ್ತದೆ.

ಮೇಲಿನ ಸಂವೇದಕದ ಹೊರೆರಹಿತ ಪ್ರವಾಹ 10 ಮಿಲಿಆಂಪಿಯರ್ ಹಾಗೂ ಔಟ್‌ಪುಟ್‌ನಲ್ಲಿ ಆಗುವ ವೋಲ್ಟೇಜ್ ಇಳಿಕೆ 2 ವೋಲ್ಟ್ ಎಂದು ಭಾವಿಸಿದರೆ, 24 ವೋಲ್ಟ್ ಪೂರೈಕೆಯಲ್ಲಿ ಲೆಕ್ಕ ಹೀಗಿರುತ್ತದೆ.

– ಸಂವೇದಕ ತಾನೇ ಬಳಸುವುದು: 24 × 0.010 = 0.24 ವಾಟ್
– ಪೂರ್ಣ ಹೊರೆಯಲ್ಲಿ ಔಟ್‌ಪುಟ್ ಭಾಗದಲ್ಲಿ ಶಾಖವಾಗಿ ವ್ಯಯವಾಗುವುದು: 2 × 0.200 = 0.4 ವಾಟ್
– 24 ವೋಲ್ಟ್ ಲೆಕ್ಕದಲ್ಲಿ ಔಟ್‌ಪುಟ್‌ ಮೂಲಕ ಹಾಯುವ ಒಟ್ಟು ವಿದ್ಯುತ್ತು: 24 × 0.200 = 4.8 ವಾಟ್

ಒಂದೇ ಸಾಧನಕ್ಕೆ ಮೂರು ಬೇರೆ ಅಂಕಿಗಳು ದೊರೆಯುತ್ತಿರುವುದನ್ನು ಗಮನಿಸಬೇಕು. ಯಾವ ಅಂಕಿಯನ್ನು ಎಲ್ಲಿ ಬಳಸಬೇಕೆಂಬುದನ್ನು ಮುಂದಿನ ಕಂಡಿಕೆಗಳಲ್ಲಿ ವಿವರಿಸಲಾಗಿದೆ.

4. ಪೂರೈಕೆ ವೋಲ್ಟೇಜ್: "24 ವೋಲ್ಟ್" ಯಾವಾಗಲೂ 24 ವೋಲ್ಟ್ ಅಲ್ಲ

ಕೈಗಾರಿಕಾ ಸಂವೇದಕಗಳಿಗೆ 24 ವೋಲ್ಟ್ ಡಿಸಿ ಪೂರೈಕೆ ರೂಢಿಯಲ್ಲಿದೆ. ವೆಚ್ಚ ಉಳಿಸುವ ಸಲುವಾಗಿ ಕೆಲವೆಡೆ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡುಗಳ ಬ್ರಿಜ್ ಮತ್ತು ಒಂದು ಕೆಪಾಸಿಟರ್ ಸೇರಿಸಿ ಸರಳ ಪೂರೈಕೆ ಘಟಕವನ್ನು ಸ್ಥಳೀಯವಾಗಿ ತಯಾರಿಸಿಕೊಳ್ಳಲಾಗುತ್ತದೆ. ಇಂತಹ ಘಟಕದಲ್ಲಿ ಟ್ರಾನ್ಸ್‌ಫಾರ್ಮರ್ 24 ವೋಲ್ಟ್ ಎಸಿ ನೀಡುತ್ತಿದ್ದರೆ, ಹೊರೆ ಕಡಿಮೆಯಿದ್ದಾಗ ಕೆಪಾಸಿಟರ್ ಆ ಅಲೆಯ ಶಿಖರದವರೆಗೆ ತುಂಬಿಕೊಳ್ಳುತ್ತದೆ. ಶಿಖರ ಮೌಲ್ಯವು 24 × 1.414, ಅಂದರೆ ಸುಮಾರು 34 ವೋಲ್ಟ್. ಡಯೋಡುಗಳಲ್ಲಿ ಸುಮಾರು 1.4 ವೋಲ್ಟ್ ಕಳೆದರೂ 32.5 ವೋಲ್ಟ್ ಉಳಿಯುತ್ತದೆ. ಸರಬರಾಜು ವೋಲ್ಟೇಜ್ ಶೇಕಡಾ 10ರಷ್ಟು ಏರಿದರೆ ಇದು 36 ವೋಲ್ಟ್ ಸಮೀಪಿಸುತ್ತದೆ. 30 ವೋಲ್ಟ್ ಮಿತಿಯ ಸಂವೇದಕಕ್ಕೆ ಇದು ಅಪಾಯಕಾರಿ.

ಯಂತ್ರಗಳು ನಿಂತಿರುವ ರಾತ್ರಿ ವೇಳೆಯಲ್ಲಿ, ಹೊರೆ ಕಡಿಮೆಯಿರುವಾಗಲೇ ಸಂವೇದಕಗಳು ಸುಟ್ಟುಹೋಗಲು ಇದೂ ಒಂದು ಕಾರಣವಾಗಬಹುದು. ಆದ್ದರಿಂದ ನಿಯಂತ್ರಿತ ವೋಲ್ಟೇಜ್ ನೀಡುವ ಪೂರೈಕೆ ಘಟಕವನ್ನೇ, ಅಂದರೆ ವಾಡಿಕೆಯಲ್ಲಿ ಎಸ್‌ಎಂಪಿಎಸ್ ಎನ್ನಲಾಗುವ ಘಟಕವನ್ನೇ, ಬಳಸುವುದು ಸೂಕ್ತ. ಹೊರೆರಹಿತ ಸ್ಥಿತಿಯಲ್ಲಿ ಮೀಟರಿನಿಂದ ವೋಲ್ಟೇಜ್ ಅಳೆದು ದಾಖಲಿಸಿಕೊಂಡ ನಂತರವೇ ಸಂವೇದಕಗಳನ್ನು ಜೋಡಿಸತಕ್ಕದ್ದು.

5. ಔಟ್‌ಪುಟ್ ಸಾಮರ್ಥ್ಯ: ಹೊರೆಯ ಸ್ವಭಾವವೂ ಮುಖ್ಯ

200 ಮಿಲಿಆಂಪಿಯರ್ ಮಿತಿಯ ಸಂವೇದಕಕ್ಕೆ 24 ವೋಲ್ಟಿನ 3 ವಾಟ್ ಕಾಯಿಲ್ ಇರುವ ಸಣ್ಣ ಕಾಂಟ್ಯಾಕ್ಟರ್ ಜೋಡಿಸಿದರೆ ಹರಿಯುವ ಪ್ರವಾಹ 3 ÷ 24 = 0.125 ಆಂಪಿಯರ್, ಅಂದರೆ 125 ಮಿಲಿಆಂಪಿಯರ್. ಇದು ಮಿತಿಯೊಳಗಿದೆ. ಅದೇ ಸಂವೇದಕಕ್ಕೆ 8 ವಾಟ್ ಕಾಯಿಲ್ ಜೋಡಿಸಿದರೆ ಪ್ರವಾಹ 333 ಮಿಲಿಆಂಪಿಯರ್ ಆಗುತ್ತದೆ. ಇದು ಮಿತಿಯನ್ನು ಮೀರುವುದರಿಂದ ನಡುವೆ ಒಂದು ರಿಲೇ ಅಳವಡಿಸುವುದು ಅಗತ್ಯ.

ಪ್ರವಾಹದ ಪ್ರಮಾಣವಷ್ಟೇ ಅಲ್ಲದೆ ಹೊರೆಯ ಸ್ವಭಾವವನ್ನೂ ಪರಿಗಣಿಸಬೇಕು.

(ಅ) ಕಾಯಿಲ್ ಹೊರೆ: ರಿಲೇ, ಕಾಂಟ್ಯಾಕ್ಟರ್, ಸೊಲೆನಾಯ್ಡ್ ವಾಲ್ವುಗಳ ಕಾಯಿಲ್ಲುಗಳು ಶಕ್ತಿಯನ್ನು ಸಂಗ್ರಹಿಸಿಟ್ಟುಕೊಳ್ಳುತ್ತವೆ. ಪ್ರವಾಹ ಕಡಿತಗೊಂಡ ಕ್ಷಣದಲ್ಲಿ ಈ ಶಕ್ತಿಯು ಪೂರೈಕೆಗಿಂತ ಹಲವು ಪಟ್ಟು ಹೆಚ್ಚಿನ ವೋಲ್ಟೇಜಾಗಿ ಹಿಮ್ಮುಖವಾಗಿ ಹೊಮ್ಮುತ್ತದೆ. ಡಿಸಿ ಕಾಯಿಲ್ಲಿಗೆ ಅಡ್ಡಲಾಗಿ, ಪಟ್ಟೆಯಿರುವ ತುದಿ ಧನ ತಂತಿಯ ಕಡೆಗೆ ಬರುವಂತೆ ಡಯೋಡ್ ಅಳವಡಿಸುವುದರಿಂದ ಇದನ್ನು ತಡೆಯಬಹುದು.

(ಆ) ತಂತುದೀಪ: ತಣ್ಣಗಿರುವ ತಂತಿನ ರೋಧ ಕಡಿಮೆಯಿರುವುದರಿಂದ ಹೊತ್ತಿಕೊಳ್ಳುವ ಕ್ಷಣದಲ್ಲಿ ಸಾಮಾನ್ಯ ಪ್ರವಾಹದ ಸುಮಾರು ಹತ್ತು ಪಟ್ಟು ಹರಿಯುತ್ತದೆ. ಸೂಚಕ ದೀಪಗಳಿಗೆ ಎಲ್‌ಇಡಿ ಬಳಸುವುದು ಉತ್ತಮ.

ಈ ಕಾರಣದಿಂದಲೇ ಐಇಸಿ 60947-5-2 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಹೊರೆಗಳನ್ನು ವರ್ಗೀಕರಿಸಲಾಗಿದೆ. ಈ ಮಾನಕ ಸರಣಿಯನ್ನು ಭಾರತೀಯ ಮಾನಕ ಬ್ಯೂರೋ ಐಎಸ್/ಐಇಸಿ 60947 ಎಂಬ ಸಂಖ್ಯೆಯಡಿ ಅಂಗೀಕರಿಸಿದೆ. ವಿವರ ಪತ್ರದಲ್ಲಿ ಡಿಸಿ-12 ಎಂದಿದ್ದರೆ ರೋಧ ಹೊರೆ ಮತ್ತು ಎಲೆಕ್ಟ್ರಾನಿಕ್ ಇನ್‌ಪುಟ್‌ಗಳಿಗೆ, ಡಿಸಿ-13 ಎಂದಿದ್ದರೆ ವಿದ್ಯುತ್ಕಾಂತಗಳಿಗೆ ಆ ಅಂಕಿ ಅನ್ವಯಿಸುತ್ತದೆ. ಡಿಸಿ-12 ಅಂಕಿಯನ್ನು ನೋಡಿ ಸೊಲೆನಾಯ್ಡ್ ಜೋಡಿಸಬಾರದು.

6. ಎರಡು ತಂತಿಯ ಮತ್ತು ಮೂರು ತಂತಿಯ ಸಂವೇದಕಗಳು

ಮೂರು ತಂತಿಯ ಡಿಸಿ ಸಂವೇದಕದಲ್ಲಿ ಕಂದು ತಂತಿ ಧನ ಪೂರೈಕೆಗೆ, ನೀಲಿ ತಂತಿ ಋಣ ಪೂರೈಕೆಗೆ, ಕಪ್ಪು ತಂತಿ ಔಟ್‌ಪುಟ್‌ಗೆ ಮೀಸಲಾಗಿರುತ್ತದೆ. ಎರಡು ತಂತಿಯ ಸಂವೇದಕವನ್ನು ಸಾಮಾನ್ಯ ಸ್ವಿಚ್ಚಿನಂತೆ ಹೊರೆಯೊಂದಿಗೆ ಸರಣಿಯಲ್ಲಿ ಜೋಡಿಸಲಾಗುತ್ತದೆ. ತಂತಿಯ ಖರ್ಚು ಉಳಿಯುವುದರಿಂದ ಇದು ಆಕರ್ಷಕವಾಗಿ ಕಾಣುತ್ತದೆ. ಆದರೆ ಇದಕ್ಕೆ ಪ್ರತ್ಯೇಕ ಪೂರೈಕೆ ಇಲ್ಲದಿರುವುದರಿಂದ ತನಗೆ ಬೇಕಾದ ವಿದ್ಯುತ್ತನ್ನು ಹೊರೆಯ ಮೂಲಕವೇ ಪಡೆಯಬೇಕಾಗುತ್ತದೆ. ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ.

ಮೊದಲನೆಯದು, ಚಾಲೂ ಸ್ಥಿತಿಯ ವೋಲ್ಟೇಜ್ ಇಳಿಕೆ. ಮೇಲ್ಕಂಡ ಮಾನಕದಂತೆ ಇದರ ಗರಿಷ್ಠ ಮಿತಿ ಮೂರು ತಂತಿಯ ಡಿಸಿ ಸಂವೇದಕಗಳಿಗೆ 3.5 ವೋಲ್ಟ್, ಎರಡು ತಂತಿಯ ಡಿಸಿ ಸಂವೇದಕಗಳಿಗೆ 8 ವೋಲ್ಟ್. 8 ವೋಲ್ಟ್ ಇಳಿಕೆಯಿರುವ ಎರಡು ಸಂವೇದಕಗಳನ್ನು ಸರಣಿಯಲ್ಲಿ ಜೋಡಿಸಿದರೆ 24 ವೋಲ್ಟಿನಲ್ಲಿ 16 ವೋಲ್ಟ್ ಅವುಗಳಲ್ಲೇ ಕಳೆದು, ರಿಲೇಗೆ ಕೇವಲ 8 ವೋಲ್ಟ್ ದೊರೆಯುತ್ತದೆ. 24 ವೋಲ್ಟಿನ ರಿಲೇ ಇದರಲ್ಲಿ ಕೆಲಸ ಮಾಡದು.

ಎರಡನೆಯದು, ಬಂದ್ ಸ್ಥಿತಿಯ ಸೋರಿಕೆ ಪ್ರವಾಹ. ಸಂವೇದಕ ಬಂದ್ ಆಗಿದ್ದರೂ ಅದರೊಳಗಿನ ಮಂಡಲಕ್ಕೆ ಸ್ವಲ್ಪ ಪ್ರವಾಹ ಹರಿಯುತ್ತಲೇ ಇರಬೇಕು. ಮಾನಕದಂತೆ ಎರಡು ತಂತಿಯ ಡಿಸಿ ಸಂವೇದಕಗಳಿಗೆ ಇದರ ಮಿತಿ 1.5 ಮಿಲಿಆಂಪಿಯರ್, ಎಸಿ ಸಂವೇದಕಗಳಿಗೆ 3 ಮಿಲಿಆಂಪಿಯರ್. ಹೊರೆಯು ರಿಲೇ ಕಾಯಿಲ್ ಆಗಿದ್ದರೆ ಸಾಮಾನ್ಯವಾಗಿ ತೊಂದರೆಯಾಗದು. ಆದರೆ 10 ಸಾವಿರ ಓಮ್ ರೋಧವಿರುವ ಎಲೆಕ್ಟ್ರಾನಿಕ್ ಇನ್‌ಪುಟ್ ಆಗಿದ್ದರೆ 0.0015 × 10,000 = 15 ವೋಲ್ಟ್ ಅಲ್ಲಿ ಕಾಣಿಸಿಕೊಳ್ಳುತ್ತದೆ. ವಸ್ತು ಎದುರಿಗಿಲ್ಲದಿದ್ದರೂ ನಿಯಂತ್ರಣ ಫಲಕ "ಇದೆ" ಎಂದೇ ಓದಬಹುದು. ಪೀಠಿಕೆಯಲ್ಲಿ ತಿಳಿಸಿದ ಸುಳ್ಳು ಸಂಕೇತ ಹುಟ್ಟುವುದು ಹೀಗೆ. ಇಲ್ಲಿ ಸಂವೇದಕವೂ ಕೆಟ್ಟಿಲ್ಲ, ಫಲಕವೂ ಕೆಟ್ಟಿಲ್ಲ. ಎರಡರ ವಿವರಗಳನ್ನು ತಾಳೆ ನೋಡದಿರುವುದೇ ದೋಷ.

ಪರಿಹಾರವಾಗಿ ಇನ್‌ಪುಟ್‌ಗೆ ಸಮಾಂತರವಾಗಿ 2,200 ಓಮ್ ರೋಧಕವನ್ನು ಜೋಡಿಸಿದರೆ ಒಟ್ಟು ರೋಧ ಸುಮಾರು 1,800 ಓಮ್‌ಗೆ ಇಳಿದು, ಸೋರಿಕೆಯಿಂದ ಉಂಟಾಗುವ ವೋಲ್ಟೇಜ್ 2.7 ವೋಲ್ಟ್ ಮಾತ್ರವಾಗುತ್ತದೆ. ಈ ರೋಧಕಕ್ಕೂ ವಾಟ್ ಲೆಕ್ಕ ಉಂಟು. ಸಂವೇದಕ ಚಾಲೂ ಆದಾಗ ಪೂರ್ಣ 24 ವೋಲ್ಟ್ ಬಂದರೂ ಅದರಲ್ಲಿ ವ್ಯಯವಾಗುವುದು 24 × 24 ÷ 2,200 = 0.26 ವಾಟ್. ಕಾಲು ವಾಟಿನ ರೋಧಕ ಸಾಲದು, ಕನಿಷ್ಠ ಅರ್ಧ ವಾಟಿನದನ್ನು ಬಳಸಬೇಕು. ಪಿಎಲ್‌ಸಿ ಖರೀದಿಸುವವರು ಅದರ ಡಿಜಿಟಲ್ ಇನ್‌ಪುಟ್ ಐಇಸಿ 61131-2 ಮಾನಕದ 2ನೇ ಅಥವಾ 3ನೇ ವಿಧದ್ದಾಗಿದೆಯೇ ಎಂದು ವಿಚಾರಿಸಬೇಕು. ಈ ಎರಡು ವಿಧಗಳನ್ನು ಎರಡು ತಂತಿಯ ಸಂವೇದಕಗಳ ಸೋರಿಕೆಯನ್ನು ಗಮನದಲ್ಲಿಟ್ಟುಕೊಂಡೇ ರೂಪಿಸಲಾಗಿದೆ.

7. ರೀಡ್ ಸ್ವಿಚ್: ಮೂರು ಮಿತಿಗಳನ್ನೂ ಏಕಕಾಲಕ್ಕೆ ಪಾಲಿಸಬೇಕು

ಒಂದು ರೀಡ್ ಸ್ವಿಚ್ಚಿಗೆ "10 ವಾಟ್, 200 ವೋಲ್ಟ್, 0.5 ಆಂಪಿಯರ್" ಎಂದು ನಮೂದಿಸಿದ್ದರೆ 200 ವೋಲ್ಟಿನಲ್ಲಿ 0.5 ಆಂಪಿಯರ್ ಹರಿಸಬಹುದೆಂದು ಅರ್ಥವಲ್ಲ. ಹಾಗೆ ಮಾಡಿದರೆ 100 ವಾಟ್ ಆಗುತ್ತದೆ. ವೋಲ್ಟೇಜ್, ಪ್ರವಾಹ ಮತ್ತು ಅವೆರಡರ ಗುಣಲಬ್ಧ ಮೂರೂ ಮಿತಿಯೊಳಗಿರಬೇಕು.

– 200 ವೋಲ್ಟಿನಲ್ಲಿ ಗರಿಷ್ಠ 0.05 ಆಂಪಿಯರ್ (ವಾಟ್ ಮಿತಿ ಅನ್ವಯ)
– 24 ವೋಲ್ಟಿನಲ್ಲಿ ಗರಿಷ್ಠ 0.41 ಆಂಪಿಯರ್ (ವಾಟ್ ಮಿತಿ ಅನ್ವಯ)
– 5 ವೋಲ್ಟಿನಲ್ಲಿ ಗರಿಷ್ಠ 0.5 ಆಂಪಿಯರ್ (ಪ್ರವಾಹ ಮಿತಿ ಅನ್ವಯ)

ಮಿತಿ ಮೀರಿದಾಗ ಕಿಡಿಯಿಂದ ಲೋಹಪಟ್ಟಿಗಳು ಒಂದಕ್ಕೊಂದು ಬೆಸೆದುಕೊಳ್ಳುವ ಸಂಭವವಿದೆ. ಆಗ ಅಯಸ್ಕಾಂತ ದೂರ ಸರಿದರೂ ಸ್ವಿಚ್ ಮುಚ್ಚಿಯೇ ಇರುತ್ತದೆ. ಸಿಲಿಂಡರ್ ಹಿಂದೆ ಸರಿದರೂ "ಮುಂದಿದೆ" ಎಂಬ ಸಂಕೇತ ಹಾಗೆಯೇ ಮುಂದುವರಿಯುತ್ತದೆ.

8. ಪೊಟೆನ್ಶಿಯೋಮೀಟರ್: ವಾಟ್ ಎಂಬುದು ಇಡೀ ಪಟ್ಟಿಗೆ ಸಂಬಂಧಿಸಿದ್ದು

10 ಸಾವಿರ ಓಮ್, 1 ವಾಟ್ ಎಂದು ನಮೂದಿಸಿರುವ ಪೊಟೆನ್ಶಿಯೋಮೀಟರಿಗೆ 10 ವೋಲ್ಟ್ ನೀಡಿದರೆ ವ್ಯಯವಾಗುವುದು 10 × 10 ÷ 10,000 = 0.01 ವಾಟ್ ಮಾತ್ರ. ಸ್ಥಾನ ಅಳೆಯುವ ಸರಿಯಾದ ಬಳಕೆಯಲ್ಲಿ ವಾಟ್ ಮಿತಿ ಸಮಸ್ಯೆಯೇ ಆಗುವುದಿಲ್ಲ.

ಸಮಸ್ಯೆ ಉಂಟಾಗುವುದು ಜಾರು ಸಂಪರ್ಕದ ಮೂಲಕ ಹೊರೆಗೆ ಪ್ರವಾಹ ಹರಿಸಿದಾಗ. 1 ವಾಟ್ ಎಂಬುದು ಇಡೀ ರೋಧಪಟ್ಟಿ ಸಮನಾಗಿ ಬಿಸಿಯಾದಾಗಿನ ಮಿತಿ. ಇದಕ್ಕೆ ಸಮನಾದ ಪ್ರವಾಹ 10 ಮಿಲಿಆಂಪಿಯರ್. ಪಟ್ಟಿಯ ಹತ್ತನೆಯ ಒಂದು ಭಾಗ, ಅಂದರೆ 1,000 ಓಮ್ ಮಾತ್ರ ಬಳಕೆಯಲ್ಲಿದ್ದಾಗಲೂ ಪ್ರವಾಹದ ಮಿತಿ 10 ಮಿಲಿಆಂಪಿಯರೇ. ಆಗ ತಾಳಬಲ್ಲ ಶಾಖ 0.1 ವಾಟ್ ಮಾತ್ರ. ಉಳಿದ 0.9 ವಾಟ್ ಬಳಕೆಯಲ್ಲಿಲ್ಲದ ಭಾಗದ ಪಾಲಾಗಿದ್ದು, ಅದನ್ನು ಇಲ್ಲಿಗೆ ವರ್ಗಾಯಿಸಲು ಬರುವುದಿಲ್ಲ. ಆದಕಾರಣ ಜಾರು ಸಂಪರ್ಕದ ಸಂಕೇತವನ್ನು ಹೆಚ್ಚಿನ ರೋಧವಿರುವ ಅಳತೆ ಇನ್‌ಪುಟ್‌ಗೆ ಮಾತ್ರ ನೀಡಬೇಕು.

9. ತಾಪಮಾನದೊಂದಿಗೆ ಕುಗ್ಗುವ ಸಾಮರ್ಥ್ಯ

ವಿವರ ಪತ್ರದಲ್ಲಿನ ವಾಟ್ ಅಂಕಿಯು ಒಂದು ನಿರ್ದಿಷ್ಟ ತಾಪಮಾನಕ್ಕೆ ಸಂಬಂಧಿಸಿರುತ್ತದೆ. "40 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವಾಟ್, 125 ಡಿಗ್ರಿಯಲ್ಲಿ ಶೂನ್ಯ" ಎಂದಿದ್ದರೆ ನಡುವಿನ ತಾಪಮಾನಗಳಲ್ಲಿ ಸಾಮರ್ಥ್ಯ ಸರಳರೇಖೆಯಲ್ಲಿ ಇಳಿಯುತ್ತದೆ. 70 ಡಿಗ್ರಿಯಲ್ಲಿ ಉಳಿಯುವುದು (125 – 70) ÷ (125 – 40), ಅಂದರೆ ಸುಮಾರು 0.65 ವಾಟ್.

ಕಲಬುರಗಿ, ರಾಯಚೂರು ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆಯ ತಾಪಮಾನವೇ 40 ಡಿಗ್ರಿ ದಾಟುತ್ತದೆ. ತಗಡಿನ ಛಾವಣಿಯ ಕೆಳಗಿರುವ, ಗಾಳಿಯಾಡದ ನಿಯಂತ್ರಣ ಫಲಕದ ಒಳಗೆ ಅಥವಾ ಕುಲುಮೆ, ಬಾಯ್ಲರುಗಳ ಪಕ್ಕದಲ್ಲಿ ಇದು ಇನ್ನೂ ಹೆಚ್ಚು. ಇಂತಹ ಸ್ಥಳಗಳಿಗೆ ಸಂವೇದಕ ಖರೀದಿಸುವವರು ಅಳವಡಿಸುವ ಜಾಗದ ತಾಪಮಾನವನ್ನು ಪೂರೈಕೆದಾರರಿಗೆ ಲಿಖಿತವಾಗಿ ತಿಳಿಸುವುದು ಒಳಿತು.

10. ಉದ್ದನೆಯ ಕೇಬಲ್ಲಿನಲ್ಲಿ ವೋಲ್ಟೇಜ್ ನಷ್ಟ

5 ವೋಲ್ಟಿನ ಎನ್‌ಕೋಡರುಗಳಿಗೆ ಈ ಅಂಶ ಅತಿ ಮುಖ್ಯ. 100 ಮಿಲಿಆಂಪಿಯರ್ ಪಡೆಯುವ ಎನ್‌ಕೋಡರ್ ಫಲಕದಿಂದ 50 ಮೀಟರ್ ದೂರದಲ್ಲಿದೆ ಎಂದು ಭಾವಿಸೋಣ. ಹೋಗುವ ಮತ್ತು ಬರುವ ತಂತಿ ಸೇರಿ 100 ಮೀಟರ್. ತಾಮ್ರದ ತಂತಿಯ ದಪ್ಪಕ್ಕನುಗುಣವಾಗಿ ಎನ್‌ಕೋಡರಿಗೆ ತಲುಪುವ ವೋಲ್ಟೇಜ್ ಹೀಗಿರುತ್ತದೆ.

– 0.14 ಚದರ ಮಿಲಿಮೀಟರ್: ರೋಧ 12.5 ಓಮ್, ನಷ್ಟ 1.25 ವೋಲ್ಟ್, ತಲುಪುವುದು 3.75 ವೋಲ್ಟ್
– 0.5 ಚದರ ಮಿಲಿಮೀಟರ್: ರೋಧ 3.5 ಓಮ್, ನಷ್ಟ 0.35 ವೋಲ್ಟ್, ತಲುಪುವುದು 4.65 ವೋಲ್ಟ್
– 1 ಚದರ ಮಿಲಿಮೀಟರ್: ರೋಧ 1.75 ಓಮ್, ನಷ್ಟ ಸುಮಾರು 0.18 ವೋಲ್ಟ್, ತಲುಪುವುದು 4.82 ವೋಲ್ಟ್

ಪೂರೈಕೆಯಲ್ಲಿ ಶೇಕಡಾ 5ರ ಏರುಪೇರು ಮಾತ್ರ ಸಮ್ಮತವಿರುವ ಎನ್‌ಕೋಡರಿಗೆ ಕನಿಷ್ಠ 4.75 ವೋಲ್ಟ್ ಬೇಕು. ಮೇಲಿನ ಮೂರರಲ್ಲಿ ಕೊನೆಯದು ಮಾತ್ರ ಸರಿಹೊಂದುತ್ತದೆ. ದೂರ ಹೆಚ್ಚಿದ್ದಲ್ಲಿ 10–30 ವೋಲ್ಟ್ ಪೂರೈಕೆಯ ಮಾದರಿಯನ್ನು ಆರಿಸಿಕೊಳ್ಳುವುದು ಸುಲಭದ ದಾರಿ.

11. ಪೂರೈಕೆ ಘಟಕದ ಲೆಕ್ಕ

ಸಂವೇದಕಗಳ ಜೊತೆಗೆ ಅವು ನಡೆಸುವ ಹೊರೆಗಳನ್ನೂ ಕೂಡಿಸಿಯೇ ಪೂರೈಕೆ ಘಟಕದ ಸಾಮರ್ಥ್ಯವನ್ನು ನಿರ್ಧರಿಸಬೇಕು. 24 ವೋಲ್ಟಿನ ಒಂದು ಯಂತ್ರದ ಉದಾಹರಣೆ:

– ಸಂವೇದಕಗಳು: 20 × 10 ಮಿಲಿಆಂಪಿಯರ್ = 0.20 ಆಂಪಿಯರ್
– ರಿಲೇಗಳು: 12 × 40 ಮಿಲಿಆಂಪಿಯರ್ = 0.48 ಆಂಪಿಯರ್
– 5 ವಾಟಿನ ಸೊಲೆನಾಯ್ಡ್ ವಾಲ್ವುಗಳು: 4 × 208 ಮಿಲಿಆಂಪಿಯರ್ = 0.83 ಆಂಪಿಯರ್
– ಒಟ್ಟು: 1.51 ಆಂಪಿಯರ್
– ಶೇಕಡಾ 25 ಹೆಚ್ಚುವರಿ ಸೇರಿಸಿ: 1.89 ಆಂಪಿಯರ್

ಆದ್ದರಿಂದ 2.5 ಆಂಪಿಯರ್, ಅಂದರೆ 60 ವಾಟಿನ ಪೂರೈಕೆ ಘಟಕ ಸೂಕ್ತವಾಗುತ್ತದೆ. ಇಲ್ಲಿ ಒಂದೊಂದು ವಾಲ್ವೂ 208 ಮಿಲಿಆಂಪಿಯರ್ ಪಡೆಯುವುದರಿಂದ 200 ಮಿಲಿಆಂಪಿಯರ್ ಮಿತಿಯ ಸಂವೇದಕಕ್ಕೆ ಅದನ್ನು ನೇರವಾಗಿ ಜೋಡಿಸುವಂತಿಲ್ಲ ಎಂಬುದನ್ನೂ ಗಮನಿಸಬೇಕು. 8 ಮಿಲಿಆಂಪಿಯರ್ ಅಲ್ಪವೆಂದು ತೋರಬಹುದು. ಆದರೆ ಆ ಮಿತಿಯು ದಿನಕ್ಕೆ ಸಾವಿರಾರು ಬಾರಿ ಪುನರಾವರ್ತನೆಯಾಗುವ ಕೆಲಸಕ್ಕೆ ನಿಗದಿಪಡಿಸಿದ ಮಿತಿಯಾಗಿದೆ.

12. ಸ್ಫೋಟಕ ಅನಿಲ, ಆವಿ ಇರುವ ಸ್ಥಳಗಳು

ಬಣ್ಣ, ದ್ರಾವಕ, ಮದ್ಯಸಾರ, ಪೆಟ್ರೋಲಿಯಂ ಉತ್ಪನ್ನಗಳನ್ನು ಬಳಸುವ ಸ್ಥಳಗಳಲ್ಲಿ ಸಾಮಾನ್ಯ ಸಂವೇದಕಗಳನ್ನು ಅಳವಡಿಸಬಾರದು. ಇಂತಹ ಸ್ಥಳಗಳಿಗೆ ಕಿಡಿ ಹೊತ್ತಿಸಲಾರದಷ್ಟು ಅಲ್ಪ ಶಕ್ತಿಯಲ್ಲಿ ಕೆಲಸ ಮಾಡುವ ಸಂವೇದಕಗಳಿವೆ. ನಾಮೂರ್ ಎಂದು ಕರೆಯಲಾಗುವ ಪ್ರಾಕ್ಸಿಮಿಟಿ ಸಂವೇದಕಗಳು 8.2 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಲೋಹ ಎದುರಿಗಿದ್ದಾಗ ಪ್ರವಾಹ 1.2 ಮಿಲಿಆಂಪಿಯರಿಗಿಂತ ಕಡಿಮೆಯಾಗುತ್ತದೆ, ಇಲ್ಲದಿದ್ದಾಗ 2.1 ಮಿಲಿಆಂಪಿಯರಿಗಿಂತ ಹೆಚ್ಚಿರುತ್ತದೆ.

ಇವುಗಳ ಪ್ರಮಾಣಪತ್ರದಲ್ಲಿ ಗರಿಷ್ಠ ಇನ್‌ಪುಟ್ ವೋಲ್ಟೇಜ್, ಪ್ರವಾಹ ಮತ್ತು ವಾಟ್ ನಮೂದಾಗಿರುತ್ತವೆ. ಫಲಕದಲ್ಲಿರುವ ತಡೆ ಘಟಕವು ಹೊರಬಿಡಬಹುದಾದ ವೋಲ್ಟೇಜ್, ಪ್ರವಾಹ, ವಾಟ್ ಈ ಮೂರೂ ಸಂವೇದಕದ ಮಿತಿಗಳನ್ನು ಮೀರಬಾರದು. ಕೇಬಲ್ಲಿನ ಧಾರಕತೆ ಮತ್ತು ಪ್ರೇರಕತೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಇಲ್ಲಿ ಒಂದು ಅಂಕಿ ತಪ್ಪಿದರೆ ಸುಡುವುದು ಸಂವೇದಕವಷ್ಟೇ ಅಲ್ಲ. ಇಂತಹ ಸ್ಥಳಗಳ ಜೋಡಣೆಯನ್ನು ಪರಿಣತರಿಂದಲೇ ಮಾಡಿಸತಕ್ಕದ್ದು.

13. ಸುರಕ್ಷತೆಗೆ ಸಂಬಂಧಿಸಿದ ಸೂಚನೆಗಳು

(ಅ) ಸಾಮಾನ್ಯ ಸ್ಥಾನ ಸಂವೇದಕವು ಸುರಕ್ಷತಾ ಸಾಧನವಲ್ಲ. ಪ್ರೆಸ್, ಶಿಯರಿಂಗ್ ಯಂತ್ರ ಮುಂತಾದವುಗಳ ಕಾವಲು ಬಾಗಿಲುಗಳಿಗೆ ಸುರಕ್ಷತಾ ಬಳಕೆಗೆಂದೇ ಪ್ರಮಾಣೀಕರಿಸಿದ ಸ್ವಿಚ್ಚುಗಳನ್ನು ಮಾತ್ರ ಬಳಸಬೇಕು.

(ಆ) ಚಲನೆ ನಿಲ್ಲಿಸುವ ಸಂಕೇತಗಳಿಗೆ, ತಂತಿ ತುಂಡಾದರೂ ಯಂತ್ರ ನಿಲ್ಲುವಂತಹ ಜೋಡಣೆ ಇರಬೇಕು.

(ಇ) ಎನ್‌ಪಿಎನ್ ಸಂವೇದಕದ ಔಟ್‌ಪುಟ್ ತಂತಿ ಉಜ್ಜಿ ಹೋಗಿ, ಋಣ ತಂತಿಗೆ ಸೇರಿಸಿರುವ ಯಂತ್ರದ ದೇಹಕ್ಕೆ ತಾಗಿದರೆ ಫಲಕವು ಅದನ್ನು ಚಾಲೂ ಸಂಕೇತವೆಂದೇ ಓದುತ್ತದೆ. ಪಿಎನ್‌ಪಿ ಸಂವೇದಕದಲ್ಲಿ ಅದೇ ದೋಷವು ಶಾರ್ಟ್ ಸರ್ಕ್ಯೂಟ್ ಆಗಿ ಸಂಕೇತ ನಿಲ್ಲುತ್ತದೆ. ಹೊಸ ಯಂತ್ರಗಳಿಗೆ ಪಿಎನ್‌ಪಿ ಆಯ್ಕೆಮಾಡುವುದು ಈ ದೃಷ್ಟಿಯಿಂದ ಉತ್ತಮ.

(ಈ) ದುರಸ್ತಿಯ ವೇಳೆ ಸಂವೇದಕವನ್ನು ತಪ್ಪಿಸಿ ತಂತಿಗಳನ್ನು ನೇರವಾಗಿ ಕೂಡಿಸಿ ಯಂತ್ರ ನಡೆಸಬಾರದು.

14. ದರಪಟ್ಟಿಯಲ್ಲಿ ಇರಬೇಕಾದ ವಿವರಗಳು

ಯಂತ್ರದ ದರಪಟ್ಟಿ ಪಡೆಯುವಾಗ ಪ್ರತಿ ವಿಧದ ಸಂವೇದಕಕ್ಕೂ ಈ ಕೆಳಕಂಡ ವಿವರಗಳನ್ನು ಲಿಖಿತವಾಗಿ ಕೇಳಿ ಪಡೆಯಲು ಅರ್ಜಿದಾರರನ್ನು ಕೋರಲಾಗಿದೆ.

1. ತಯಾರಕರ ಹೆಸರು ಮತ್ತು ಪೂರ್ಣ ಮಾದರಿ ಸಂಖ್ಯೆ
2. ಪೂರೈಕೆ ವೋಲ್ಟೇಜಿನ ಕನಿಷ್ಠ ಮತ್ತು ಗರಿಷ್ಠ ಮಿತಿ, ಎಸಿ ಅಥವಾ ಡಿಸಿ
3. ಹೊರೆರಹಿತ ಪ್ರವಾಹ
4. ಗರಿಷ್ಠ ಹೊರೆ ಪ್ರವಾಹ ಮತ್ತು ಅದು ಅನ್ವಯಿಸುವ ಹೊರೆಯ ವರ್ಗ
5. ವೋಲ್ಟೇಜ್ ಇಳಿಕೆ ಮತ್ತು ಸೋರಿಕೆ ಪ್ರವಾಹ
6. ಶಾರ್ಟ್ ಸರ್ಕ್ಯೂಟ್ ಹಾಗೂ ತಂತಿ ಅದಲುಬದಲಾದಾಗಿನ ರಕ್ಷಣೆ ಇದೆಯೇ ಎಂಬ ವಿವರ
7. ಕೆಲಸ ಮಾಡುವ ತಾಪಮಾನದ ವ್ಯಾಪ್ತಿ ಮತ್ತು ಐಪಿ ಸಂಖ್ಯೆ
8. ಪೂರೈಕೆ ಘಟಕದ ಆಂಪಿಯರ್ ಮತ್ತು ವಾಟ್

15. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: 200 ಮಿಲಿಆಂಪಿಯರ್ ಸಂವೇದಕದ ಬದಲಿಗೆ 100 ಮಿಲಿಆಂಪಿಯರ್ ಸಂವೇದಕ ಅಳವಡಿಸಿದರೆ ವಿದ್ಯುತ್ ಉಳಿತಾಯವಾಗುವುದೇ?
ಉತ್ತರ: ಇಲ್ಲ. ಅದು ಹೊರೆಯ ಮಿತಿಯೇ ಹೊರತು ಬಳಕೆಯ ಪ್ರಮಾಣವಲ್ಲ.

ಪ್ರಶ್ನೆ: ಹೆಚ್ಚಿನ ಹೊರೆಗಾಗಿ ಎರಡು ಸಂವೇದಕಗಳ ಔಟ್‌ಪುಟ್ ಕೂಡಿಸಬಹುದೇ?
ಉತ್ತರ: ಕೂಡದು. ಎರಡೂ ಒಂದೇ ಕ್ಷಣದಲ್ಲಿ ಚಾಲೂ ಆಗುವುದಿಲ್ಲ. ಮೊದಲು ಚಾಲೂ ಆದದ್ದು ಪೂರ್ಣ ಹೊರೆಯನ್ನು ಹೊರಬೇಕಾಗುತ್ತದೆ. ರಿಲೇ ಬಳಸಬೇಕು.

ಪ್ರಶ್ನೆ: ಸಂವೇದಕದ ಮೇಲಿನ ಎಲ್‌ಇಡಿ ಸರಿಯಾಗಿ ಹೊತ್ತಿ ಆರುತ್ತಿದೆ. ಆದರೂ ಯಂತ್ರ ನಿಲ್ಲುತ್ತಿಲ್ಲ. ಸಂವೇದಕ ಬದಲಿಸಬೇಕೇ?
ಉತ್ತರ: ಮೊದಲು ಇನ್‌ಪುಟ್ ತುದಿಯಲ್ಲಿ ಚಾಲೂ ಮತ್ತು ಬಂದ್ ಎರಡೂ ಸ್ಥಿತಿಯ ವೋಲ್ಟೇಜ್ ಅಳೆಯಬೇಕು. ಬಂದ್ ಸ್ಥಿತಿಯಲ್ಲೂ ಹಲವು ವೋಲ್ಟ್ ಕಂಡುಬಂದರೆ ಕಂಡಿಕೆ 6ರಲ್ಲಿ ವಿವರಿಸಿದ ಸೋರಿಕೆ ಪ್ರವಾಹವನ್ನು ಪರಿಶೀಲಿಸಬೇಕು. ಅಲ್ಲಿಯವರೆಗೆ ಯಂತ್ರವನ್ನು ನಡೆಸಬಾರದು.

ವಿಶೇಷ ಸೂಚನೆ: ಮೇಲ್ಕಂಡ ಉದಾಹರಣೆಗಳು ಲೆಕ್ಕ ಹಾಕುವ ಕ್ರಮವನ್ನು ತಿಳಿಸಲು ಮಾತ್ರ ನೀಡಿದವುಗಳಾಗಿವೆ. ಅಳವಡಿಸುವ ಸಂವೇದಕಕ್ಕೆ ಅದರ ತಯಾರಕರು ನೀಡಿರುವ ತಾಂತ್ರಿಕ ವಿವರ ಪತ್ರದ ಅಂಕಿಗಳೇ ಅನ್ವಯಿಸುತ್ತವೆ. ಸದರಿ ವಿವರ ಪತ್ರದ ಪ್ರತಿಯೊಂದನ್ನು ಯಂತ್ರದ ಕಾಗದಪತ್ರಗಳೊಂದಿಗೆ ಘಟಕದಲ್ಲಿಯೇ ಇರಿಸಿಕೊಳ್ಳುವುದು. ಯಂತ್ರ ನಡೆಸುವ ಹಾಗೂ ದುರಸ್ತಿ ಮಾಡುವ ಸಿಬ್ಬಂದಿಗೆ ಅದು ಸುಲಭವಾಗಿ ದೊರೆಯುವಂತಿರಬೇಕು.